ತೇರು ಬರುವ ದಿನ ದಾರಿ ಯಾರದು?

ತೇರಿನ ದಿನ ಬಸ್ಸು ಊರೊಳಗೆ ಬರುವುದಿಲ್ಲ. ಅಗಸಿ ಬಾಗಿಲ ಹತ್ತಿರವೋ ಹೈಸ್ಕೂಲ್ ಮೈದಾನದ ಹತ್ತಿರವೋ ನಿಲ್ಲುತ್ತದೆ. "ಮುಂದ ಹೋಗಂಗಿಲ್ಲ, ತೇರು ಐತಿ, ಇಳೀರಿ" ಅಂತ ಕಂಡಕ್ಟರ್ ಹೇಳಿದರೆ ಯಾರೂ ಜಗಳ ತೆಗೆಯುವುದಿಲ್ಲ. ಚೀಲ ಹೆಗಲಿಗೇರಿಸಿ ನಡೆದೇ ಹೋಗುತ್ತಾರೆ. ವರ್ಷಕ್ಕೊಂದು ದಿನ ದಾರಿ ದೇವರದು ಅನ್ನುವುದು ನಮ್ಮ ಕಡೆ ಎಲ್ಲರೂ ಒಪ್ಪಿದ ಮಾತು.

ಆದರೆ ಆ ದಾರಿಯನ್ನು ಮುಚ್ಚಿ ಅಂತ ಹೇಳಿದವರು ಯಾರು? ಜಾತ್ರೆ ಕಮಿಟಿಯೇ, ಪಂಚಾಯಿತಿಯೇ, ಠಾಣೆಯ ಪಿಎಸ್‌ಐ ಸಾಹೇಬರೇ, ಡಿಸಿಯವರೇ? ಅದೇ ದಾರಿಯಲ್ಲಿ ಇನ್ನೊಂದು ಕೇರಿಯವರು ತಮ್ಮ ಮೆರವಣಿಗೆ ತರುತ್ತೇವೆ ಅಂದಾಗ "ಹಿಂದೆಂದೂ ಇಲ್ಲದ್ದು ಈಗ್ಯಾಕೆ" ಅನ್ನುವ ಮಾತು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗಳ ಹಿಂದೆ ಸುಮಾರು ನೂರ ಅರವತ್ತು ವರ್ಷಗಳ ಚರಿತ್ರೆ ಇದೆ. ಶಾಲೆಯ ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಆದರೆ ಪ್ರತಿ ಊರಿನ ಪ್ರತಿ ಹಬ್ಬದಲ್ಲೂ ಕೆಲಸ ಮಾಡುತ್ತಿರುತ್ತದೆ. ಅದಕ್ಕೇ ಈ ಸಲ ಅದನ್ನೇ ಬರೆಯೋಣ ಅಂದುಕೊಂಡೆವು.

ದಾರಿಯೇ ತೇರಿಗಾಗಿ ಇದ್ದ ಕಾಲ

ಹಂಪಿಗೆ ಹೋದವರು ವಿರೂಪಾಕ್ಷ ಗುಡಿಯ ಮುಂದಿನ ಅಗಲವಾದ ಬೀದಿಯನ್ನು ನೋಡಿರುತ್ತೀರಿ. ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದ, ಎರಡೂ ಕಡೆ ಕಲ್ಲಿನ ಮಂಟಪಗಳ ಸಾಲು. ವಿಠ್ಠಲ ಗುಡಿ, ಕೃಷ್ಣ ಗುಡಿ, ಅಚ್ಯುತರಾಯ ಗುಡಿಗಳ ಮುಂದೆಯೂ ಇಂಥವೇ ಬೀದಿಗಳಿವೆ. ಮಾಮೂಲಿ ದಿನಗಳಲ್ಲಿ ಅಲ್ಲಿ ಸಂತೆ, ಹಬ್ಬದ ದಿನ ತೇರು. ಬೀದಿಯ ಅಗಲವನ್ನು ತೇರಿನ ಅಳತೆ ನೋಡಿಯೇ ಇಡುತ್ತಿದ್ದರು. ಉಡುಪಿಯ ರಥಬೀದಿ, ಮಂಗಳೂರಿನ ಕಾರ್‌ಸ್ಟ್ರೀಟ್ ಅನ್ನುವ ಹೆಸರುಗಳಲ್ಲಿ ಆ ಕಾಲದ ನೆನಪು ಇನ್ನೂ ಉಳಿದಿದೆ. ಅಂಥ ಬೀದಿಯಲ್ಲಿ ತೇರಿಗೆ ಅಪ್ಪಣೆ ಕೇಳುವ ಮಾತೇ ಇರಲಿಲ್ಲ. ಗಾಡಿ ಎತ್ತುಗಳೇ ಪಕ್ಕಕ್ಕೆ ಸರಿಯಬೇಕಿತ್ತು.

ವಿಜಯನಗರದ ಮಹಾನವಮಿಯನ್ನು ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿವರವಾಗಿ ಬರೆದಿದ್ದಾನೆ. ಆ ಸಾಮ್ರಾಜ್ಯ ಕುಸಿದ ಮೇಲೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು. ಎರಡೂ ಕಡೆ ಹಬ್ಬ ಮಾಡುವವನೂ ಅರಸ, ಬೀದಿಯ ಒಡೆಯನೂ ಅರಸ. ಕೇಳುವವನೂ ಕೊಡುವವನೂ ಒಬ್ಬನೇ ಆದ ಮೇಲೆ ಅರ್ಜಿ ಯಾಕೆ ಬೇಕು?

ಆ ಕಾಲವನ್ನು ನೆನೆದು "ಆಗ ಎಲ್ಲ ಸರಿಯಿತ್ತು" ಅನ್ನುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ತೇರು ಯಾವ ಬೀದಿಯಲ್ಲಿ ತಿರುಗುತ್ತದೆ, ಯಾವ ಕೇರಿಯ ಕಡೆ ತಿರುಗುವುದೇ ಇಲ್ಲ, ಹಗ್ಗ ಯಾರು ಹಿಡಿಯಬೇಕು, ಯಾರು ದೂರ ನಿಂತು ಕೈ ಮುಗಿಯಬೇಕು ಅನ್ನುವುದೆಲ್ಲ ಆಗಲೇ ತೀರ್ಮಾನವಾಗಿತ್ತು. ಅದು ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಪ್ರಶ್ನೆ ಮಾಡುವುದು ಇನ್ನೂ ಕಷ್ಟ.

1861: ಬೀದಿಗೆ ಪೊಲೀಸರು ಬಂದರು

1857ರ ದಂಗೆಯ ನಂತರ ಬ್ರಿಟಿಷರು ಇಡೀ ಆಡಳಿತವನ್ನು ಹೊಸದಾಗಿ ಕಟ್ಟಿದರು. 1860ರಲ್ಲಿ ಭಾರತೀಯ ದಂಡ ಸಂಹಿತೆ ಬಂತು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಅದರ 283ನೇ ಕಲಮಿನ ಪ್ರಕಾರ ಅಪರಾಧ, ದಂಡ 200 ರೂಪಾಯಿವರೆಗೆ. ಮರುವರ್ಷ ಪೊಲೀಸ್ ಕಾಯ್ದೆ ಬಂತು. ಅದರ 30ನೇ ಕಲಮು ನಮ್ಮ ಕಥೆಗೆ ಮುಖ್ಯ. ಸಾರ್ವಜನಿಕ ರಸ್ತೆಯಲ್ಲಿ ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು ಅಂತ ಹೇಳುವ ಅಧಿಕಾರ ಜಿಲ್ಲೆಯ ಪೊಲೀಸ್ ಅಧಿಕಾರಿಗೆ ಸಿಕ್ಕಿತು. ಗಲಾಟೆ ಆದೀತು ಅನ್ನಿಸಿದರೆ ಲೈಸೆನ್ಸ್ ತೆಗೆದುಕೊಳ್ಳಿ ಅನ್ನಬಹುದಿತ್ತು. ಹಬ್ಬದ ದಿನ ಬೀದಿಯಲ್ಲಿ ವಾದ್ಯ ಎಷ್ಟು ಬಾರಿಸಬೇಕು ಅನ್ನುವುದನ್ನೂ ಅವನೇ ಹೇಳಬಹುದಿತ್ತು.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಈ ಲೈಸೆನ್ಸಿಗೆ ಅರ್ಜಿ ಹಾಕಲಿಕ್ಕಾಗಲಿ, ಲೈಸೆನ್ಸ್ ಕೊಡಲಿಕ್ಕಾಗಲಿ ಯಾವ ಶುಲ್ಕವನ್ನೂ ತೆಗೆದುಕೊಳ್ಳಬಾರದು ಅಂತ. ಬೀದಿಯಲ್ಲಿ ನಡೆಯುವುದು ಮಾರಾಟದ ಸರಕಲ್ಲ ಅನ್ನುವುದು ಪರದೇಶಿ ಸರ್ಕಾರಕ್ಕೂ ಗೊತ್ತಿತ್ತು.

ಮದ್ರಾಸ್ ಮತ್ತು ಮುಂಬೈ ಪ್ರಾಂತಗಳಿಗೆ ಬೇರೆ ಬೇರೆ ಪೊಲೀಸ್ ಕಾಯ್ದೆಗಳಿದ್ದವು. ಪದಗಳು ಬೇರೆ, ತಿರುಳು ಒಂದೇ. ಬೀದಿ ಇನ್ನು ಮೇಲೆ ಗುಡಿಯದಲ್ಲ, ಅರಸನದಲ್ಲ, ಸಾರ್ವಜನಿಕರದು. ಅದನ್ನು ಕಾಯುವವರು ಸರ್ಕಾರದ ಅಧಿಕಾರಿಗಳು. ಹಬ್ಬ ಮಾಡುವವರು ಮೊದಲ ಸಲ ಕೇಳುವವರ ಜಾಗದಲ್ಲಿ ನಿಂತರು.

ಕೊಡುವ ಸಾಹೇಬನಿಗೆ ಊರು ಹೊಸದು, ಭಾಷೆ ಬಾರದು. ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ "ಇದಕ್ಕೆ ಮಾಮೂಲು ಇದೆಯಾ?" ಅನ್ನುವುದು. ಅಂದರೆ ಹಿಂದಿನಿಂದ ನಡೆದು ಬಂದಿದೆಯಾ ಅಂತ. ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಆಡಳಿತಕ್ಕೆ ಇದು ಸುಲಭದ ದಾರಿ. ಆದರೆ ಇದರಿಂದ ಆದದ್ದೇನು? ಹಿಂದೆ ಯಾರಿಗೆ ಬೀದಿ ಸಿಕ್ಕಿತ್ತೋ ಅವರದ್ದು ಈಗ ಸರ್ಕಾರಿ ದಾಖಲೆಯಲ್ಲಿ ಗಟ್ಟಿಯಾಯಿತು. ಯಾರಿಗೆ ಸಿಕ್ಕಿರಲಿಲ್ಲವೋ ಅವರಿಗೆ "ಮಾಮೂಲು ಇಲ್ಲ" ಅನ್ನುವ ಉತ್ತರ ಸಿದ್ಧವಾಯಿತು. ಮಾಮೂಲು ಅನ್ನುವ ಶಬ್ದಕ್ಕೆ ಇವತ್ತು ಕಚೇರಿಗಳಲ್ಲಿ ಇನ್ನೊಂದು ಅರ್ಥವೂ ಬಂದಿದೆ, ಅದು ನಿಮಗೇ ಗೊತ್ತು.

ಒಂದೇ ಕನ್ನಡ ಸೀಮೆ, ಹಲವು ಕೋರ್ಟು

ಆಗ ಕನ್ನಡ ಮಾತಾಡುವ ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿಗೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈಗೆ. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮರಿಗೆ. ನಡುವೆ ಮೈಸೂರು, ಪಕ್ಕದಲ್ಲಿ ಕೊಡಗು. ಉತ್ತರ ಕನ್ನಡವಂತೂ ಮೊದಲು ಮದ್ರಾಸಿನಲ್ಲಿತ್ತು, 1862ರಲ್ಲಿ ಮುಂಬೈಗೆ ಸೇರಿತು. ಹೀಗಾಗಿ ಉಡುಪಿಯ ಮೆರವಣಿಗೆಗೆ ಒಂದು ಹೈಕೋರ್ಟು, ಶಿರಸಿಯ ಮೆರವಣಿಗೆಗೆ ಇನ್ನೊಂದು ಹೈಕೋರ್ಟು.

ಎರಡೂ ಕೋರ್ಟುಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟವು. ಪ್ರಶ್ನೆ ಇಷ್ಟೇ: ನನ್ನ ಮೆರವಣಿಗೆಯನ್ನು ಇನ್ನೊಬ್ಬರು ತಡೆದರೆ, ಇದು ನನ್ನ ಹಕ್ಕು ಅಂತ ನಾನು ಸಿವಿಲ್ ಕೋರ್ಟಿಗೆ ಹೋಗಬಹುದಾ?

1870ರ ದಶಕದಲ್ಲಿ ಮುಂಬೈ ಹೈಕೋರ್ಟಿನ ಮುಂದೆ ಮೊಹರಂ ತಾಬೂತಿನ ಮೆರವಣಿಗೆಯ ದಾವೆ ಬಂತು. ಸತ್ಕು ಮತ್ತು ಇಬ್ರಾಹಿಂ ಎಂಬ ಹೆಸರಿನ ಆ ಪ್ರಕರಣದಲ್ಲಿ ಕೋರ್ಟು ಹೇಳಿದ್ದರ ಸಾರ: ದಾರಿ ಎಲ್ಲರದೂ ಆಗಿದ್ದರೆ ಅಡ್ಡಿಯಾದದ್ದೂ ಎಲ್ಲರಿಗೂ. ಬೇರೆಯವರಿಗಿಂತ ನಿನಗೆ ವಿಶೇಷವಾಗಿ ಏನು ನಷ್ಟವಾಯಿತು ಅಂತ ತೋರಿಸದಿದ್ದರೆ ದಾವೆ ನಿಲ್ಲುವುದಿಲ್ಲ.

ಮದ್ರಾಸ್ ಹೈಕೋರ್ಟು ಬೇರೆ ದಾರಿ ಹಿಡಿಯಿತು. 1882ರಲ್ಲಿ ವೈಷ್ಣವರ ಎರಡು ಪಂಗಡಗಳ ನಡುವಿನ ದಾವೆಯಲ್ಲಿ ಅದು ಒಂದು ತತ್ವವನ್ನು ಹೇಳಿತು. ಯಾವ ಪಂಥದವರೇ ಆಗಲಿ, ಸಾರ್ವಜನಿಕ ಬೀದಿಯಲ್ಲಿ ಧಾರ್ಮಿಕ ಮೆರವಣಿಗೆ ನಡೆಸಬಹುದು. ಎರಡು ಷರತ್ತು: ಉಳಿದವರ ಮಾಮೂಲಿ ಓಡಾಟಕ್ಕೆ ಅಡ್ಡಿಯಾಗಬಾರದು, ಮತ್ತು ಶಾಂತಿ ಕಾಪಾಡಲು ಮ್ಯಾಜಿಸ್ಟ್ರೇಟರು ಕಾನೂನಿನಂತೆ ಕೊಟ್ಟ ಸೂಚನೆ ಪಾಲಿಸಬೇಕು. ಇಲ್ಲಿ ಗಮನಿಸಿ. "ಮಾಮೂಲು ಇದೆಯಾ" ಅನ್ನುವ ಮಾತು ಈ ಎರಡು ಷರತ್ತುಗಳಲ್ಲಿ ಇಲ್ಲ.

ಈ ಗೊಂದಲ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಆಗ ನಮ್ಮ ದೇಶದ ದಾವೆಗಳಿಗೆ ಅದೇ ಕೊನೆಯ ಮೆಟ್ಟಿಲು. ಉತ್ತರ ಭಾರತದ ಒಂದು ಊರಿನಲ್ಲಿ ಶಿಯಾ ಮುಸ್ಲಿಮರು ಮೊಹರಂ ಮೆರವಣಿಗೆಯಲ್ಲಿ ಸುನ್ನಿಗಳ ಮಸೀದಿಯ ಹತ್ತಿರ ನಿಂತು ಮಾತಂ ಮಾಡುತ್ತಿದ್ದರು, ಅಂದರೆ ಶೋಕ ಆಚರಿಸುತ್ತಿದ್ದರು. ನಮಾಜಿಗೆ ತೊಂದರೆ ಅಂತ ಸುನ್ನಿಗಳು ತಡೆದರು. ಮಂಜೂರ್ ಹಸನ್ ಮತ್ತು ಮುಹಮ್ಮದ್ ಜಮಾನ್ ಎಂಬ ಈ ಪ್ರಕರಣದಲ್ಲಿ 1924ರಲ್ಲಿ ತೀರ್ಪು ಬಂತು. ಧಾರ್ಮಿಕ ಮೆರವಣಿಗೆಯನ್ನು ಅದರ ಆಚರಣೆಗಳ ಸಮೇತ ಸಾರ್ವಜನಿಕ ದಾರಿಯಲ್ಲಿ ನಡೆಸುವ ಹಕ್ಕು ಭಾರತದಲ್ಲಿ ಇದೆ, ತಡೆದವರ ಮೇಲೆ ದಾವೆ ಹಾಕಬಹುದು ಅಂತ ಪ್ರಿವಿ ಕೌನ್ಸಿಲ್ ಹೇಳಿತು. ಮುಂಬೈ ಕೋರ್ಟಿನ ಮಾತನ್ನು ಬಿಟ್ಟು ಮದ್ರಾಸಿನ ಮಾತನ್ನು ಹಿಡಿಯಿತು. ಸಂಚಾರದ ಬಗ್ಗೆ ಅಧಿಕಾರಿಗಳ ಆದೇಶಕ್ಕೂ, ಉಳಿದವರ ಹಕ್ಕಿಗೂ ಇದು ಒಳಪಟ್ಟಿರುತ್ತದೆ ಅನ್ನುವುದನ್ನೂ ಸೇರಿಸಿತು.

ನಮ್ಮ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದಿದ್ದರೂ ಅಲಾಯಿ ದೇವರು ಕೂರುತ್ತಾವೆ, ಪಂಜಾ ಹೊತ್ತು ಮೆರವಣಿಗೆ ಹೋಗುತ್ತದೆ. ತೇರಿಗೂ ಪಂಜಾಕ್ಕೂ ಇವತ್ತು ಬೀದಿಯ ಮೇಲೆ ಇರುವ ಹಕ್ಕಿನ ಬೇರು ಈ ತೀರ್ಪಿನಲ್ಲಿದೆ.

ಅದೇ 1924, ಇನ್ನೊಂದು ಬೀದಿ

ಮೆರವಣಿಗೆ ನಡೆಸುವ ಹಕ್ಕನ್ನು ಲಂಡನ್ನಿನಲ್ಲಿ ಒಪ್ಪಿದ ಅದೇ ವರ್ಷ, ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ಜನ ಬರೀ ನಡೆಯುವ ಹಕ್ಕಿಗೆ ಹೋರಾಡುತ್ತಿದ್ದರು. ಅಲ್ಲಿನ ಶಿವ ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ಈಳವರು, ಪುಲಯರು ಮುಂತಾದವರು ಕಾಲಿಡುವಂತಿರಲಿಲ್ಲ. 1924ರ ಮಾರ್ಚ್ 30ರಂದು ಸತ್ಯಾಗ್ರಹ ಶುರುವಾಯಿತು. ಕೇಳಿದ್ದು ಗುಡಿಯ ಒಳಗೆ ಹೋಗಲು ಅಲ್ಲ, ಹೊರಗಿನ ದಾರಿಯಲ್ಲಿ ನಡೆಯಲು. ಪೆರಿಯಾರ್ ಬಂದರು, ಜೈಲಿಗೆ ಹೋದರು. 1925ರ ಮಾರ್ಚ್‌ನಲ್ಲಿ ಗಾಂಧೀಜಿ ಬಂದರು. ಆ ವರ್ಷದ ನವೆಂಬರಿನಲ್ಲಿ ಹೋರಾಟ ಮುಗಿಯುವಾಗ ಮೂರು ದಿಕ್ಕಿನ ರಸ್ತೆಗಳು ತೆರೆದವು, ಒಂದು ಮುಚ್ಚಿಯೇ ಉಳಿಯಿತು. ಪೂರ್ತಿ ಬಾಗಿಲು ತೆರೆಯಲು 1936ರ ದೇವಾಲಯ ಪ್ರವೇಶ ಘೋಷಣೆಯವರೆಗೆ ಕಾಯಬೇಕಾಯಿತು.

1924ರಲ್ಲೇ ಮದ್ರಾಸ್ ಶಾಸನ ಪರಿಷತ್ತಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಒಂದು ನಿರ್ಣಯ ಮಂಡಿಸಿದರು. ಸಾರ್ವಜನಿಕ ರಸ್ತೆ, ಬಾವಿ, ಕಟ್ಟಡಗಳಿಗೆ ಯಾವ ಜಾತಿಯವರನ್ನೂ ತಡೆಯಬಾರದು ಅನ್ನುವುದು ಅದರ ತಿರುಳು. ಪರಿಷತ್ತು ಒಪ್ಪಿತು. ಆಗ ಮದ್ರಾಸಿನಲ್ಲಿದ್ದ ನಮ್ಮ ದಕ್ಷಿಣ ಕನ್ನಡಕ್ಕೂ ಬಳ್ಳಾರಿಗೂ ಅದು ಸೇರಿದ ಮಾತಾಗಿತ್ತು.

ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹಬ್ಬದ ದಿನ ಬೀದಿ ಮುಚ್ಚಿದರೆ ಎಲ್ಲರಿಗೂ ಒಂದು ದಿನ ತೊಂದರೆ. ಕೆಲವರಿಗೆ ಅದೇ ಬೀದಿ ವರ್ಷದ 365 ದಿನವೂ ಮುಚ್ಚಿತ್ತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅದಕ್ಕೇ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ ರಸ್ತೆಯನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅನ್ನುತ್ತದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಮೆರವಣಿಗೆಯ ಮಾತಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ ಇನ್ನೂ ಸ್ಪಷ್ಟವಾಗಿ ಬರೆದರು. ಪರಿಶಿಷ್ಟ ಜಾತಿ, ಪಂಗಡದವರು ಧಾರ್ಮಿಕ, ಸಾಮಾಜಿಕ, ಸಾಂಸ್ಕೃತಿಕ ಮೆರವಣಿಗೆ ತೆಗೆಯುವುದನ್ನು, ಅದರಲ್ಲಿ ಸೇರುವುದನ್ನು ತಡೆದರೆ ಅಪರಾಧ. ಜಾತ್ರೆ ಅನ್ನುವ ಶಬ್ದವೂ ಆ ಕಲಮಿನಲ್ಲೇ ಇದೆ. ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆದರೂ ಅಪರಾಧವೇ.

ಮೋಟಾರು ಬಂತು, ಮೈಕು ಬಂತು

ಎತ್ತಿನ ಗಾಡಿಯ ಕಾಲದಲ್ಲಿ ದಾರಿ ಮುಚ್ಚುವುದು ಅಂದರೆ ಗಾಡಿ ಹೊಲದ ಮೇಲೆ ಹಾಯಿಸಿಕೊಂಡು ಹೋಗುವುದು. ಬಸ್ಸು, ಲಾರಿ ಬಂದ ಮೇಲೆ ಹಾಗಾಗಲಿಲ್ಲ. ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುವ ಗಾಡಿಯನ್ನು ಎಲ್ಲಿ ತಿರುಗಿಸಬೇಕು ಅಂತ ಮೊದಲೇ ಹೇಳಬೇಕಾಯಿತು. ಇವತ್ತು ಪತ್ರಿಕೆಯಲ್ಲಿ "ರಥೋತ್ಸವ ಪ್ರಯುಕ್ತ ವಾಹನ ಸಂಚಾರ ನಿಷೇಧ, ಬದಲಿ ಮಾರ್ಗ" ಅಂತ ಡಿಸಿಯವರ ಪ್ರಕಟಣೆ ಬರುತ್ತದಲ್ಲ, ಅದು ಸಾಮಾನ್ಯವಾಗಿ 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಮತ್ತು 1989ರ ರಾಜ್ಯದ ನಿಯಮಗಳ ಅಡಿಯಲ್ಲಿ ಹೊರಡುತ್ತದೆ. ನಿಷೇಧ ಒಂದು ತಿಂಗಳಿಗಿಂತ ಹೆಚ್ಚಿಲ್ಲದಿದ್ದರೆ ಗೆಜೆಟ್ಟಿನಲ್ಲಿ ಹಾಕಬೇಕಿಲ್ಲ. ಆದರೆ ಆ ಜಾಗದ ಜನರಿಗೆ ಗೊತ್ತಾಗುವಂತೆ ಪ್ರಚಾರ ಮಾಡಲೇಬೇಕು ಅಂತ ಆ ಕಲಮು ಹೇಳುತ್ತದೆ. ಡಂಗುರವೋ, ಪೇಪರೋ, ವಾಟ್ಸಾಪೋ, ಒಟ್ಟಿನಲ್ಲಿ ಮೊದಲೇ ತಿಳಿಯಬೇಕು.

1956ರಲ್ಲಿ ರಾಜ್ಯ ಒಂದಾದ ಮೇಲೆ ಪೊಲೀಸ್ ಕಾನೂನೂ ಒಂದಾಗಬೇಕಿತ್ತು. ಇವತ್ತು ಕರ್ನಾಟಕ ಪೊಲೀಸ್ ಕಾಯ್ದೆ, 1963 ಅಂತ ಕರೆಯುವುದು ಅದನ್ನೇ. ರಸ್ತೆಯ ಮೇಲಿನ ಸಂಚಾರ, ಸಭೆ, ಮೆರವಣಿಗೆ, ವಾದ್ಯಗಳ ಬಗ್ಗೆ ಆದೇಶ ಮಾಡುವ ಅಧಿಕಾರ ಅದರ 31ನೇ ಕಲಮಿನಲ್ಲಿದೆ. ನಗರಗಳಲ್ಲಿ ಪೊಲೀಸ್ ಕಮಿಷನರಿಗೆ, ಜಿಲ್ಲೆಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಡಿಸಿಯವರಿಗೆ.

ಅಧಿಕಾರ ಇದೆ ಅಂದ ಮಾತ್ರಕ್ಕೆ ಮನಸ್ಸಿಗೆ ಬಂದಂತೆ ಕೊಡಬಹುದಾ, ನಿರಾಕರಿಸಬಹುದಾ? ಇದಕ್ಕೆ 1972ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಅಹಮದಾಬಾದಿನ ಬೀದಿಯಲ್ಲಿ ಸಭೆ ನಡೆಸಲು ಪೊಲೀಸ್ ಕಮಿಷನರು ಪರ್ಮಿಷನ್ ಕೊಡಲಿಲ್ಲ ಅಂತ ಹಿಮ್ಮತ್‌ಲಾಲ್ ಶಾ ಕೋರ್ಟಿಗೆ ಹೋಗಿದ್ದರು. ಕೋರ್ಟು ಹೇಳಿದ್ದು ಇದು: ಸಾರ್ವಜನಿಕ ಬೀದಿಯನ್ನು ಸರ್ಕಾರ ಜನರ ಪರವಾಗಿ ಇಟ್ಟುಕೊಂಡಿರುತ್ತದೆ. ಸಭೆ, ಮೆರವಣಿಗೆಗೆ ಕಟ್ಟುಪಾಡು ಹಾಕಬಹುದು, ಪೂರ್ತಿ ಮುಚ್ಚಿಹಾಕುವಂತಿಲ್ಲ. ಯಾವ ಕಾರಣಕ್ಕೆ ಕೊಡಬೇಕು, ಯಾವ ಕಾರಣಕ್ಕೆ ಬಿಡಬೇಕು ಅಂತ ಏನೂ ಹೇಳದೆ ಅಧಿಕಾರಿಯ ಇಷ್ಟಕ್ಕೆ ಬಿಟ್ಟ ನಿಯಮ ಸಂವಿಧಾನಕ್ಕೆ ವಿರುದ್ಧ. ಆ ನಿಯಮವನ್ನು ರದ್ದು ಮಾಡಿತು. ಅದು ಸಭೆಯ ವಿಷಯವಾಗಿತ್ತು, ಹಬ್ಬದ್ದಲ್ಲ. ಆದರೂ ಬೀದಿಗಾಗಿ ಅರ್ಜಿ ಹಾಕುವ ಎಲ್ಲರಿಗೂ ಬೇಕಾದ ಮಾತು.

ಮೈಕಿನ ಕಟ್ಟುಪಾಡು ಬಂದದ್ದು 2000ದ ಶಬ್ದಮಾಲಿನ್ಯ ನಿಯಮಗಳಿಂದ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲ ಮಾಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ನಾಲ್ಕು ಹಬ್ಬ, ನಾಲ್ಕು ಬಗೆ

ಕಾನೂನು ಒಂದೇ ಆದರೂ ಬೀದಿ ಮುಚ್ಚುವ ಬಗೆ ಊರಿಂದೂರಿಗೆ ಬೇರೆ.

ಮೈಸೂರಿನಲ್ಲಿ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ಹೋಗುತ್ತದೆ. 1971ರಲ್ಲಿ ರಾಜಧನ ರದ್ದಾಯಿತು. ಆಮೇಲೆ ಅಂಬಾರಿಯಲ್ಲಿ ಕೂರುವುದು ಚಾಮುಂಡೇಶ್ವರಿ, ಹಬ್ಬ ಮಾಡುವುದು ಸರ್ಕಾರ. ಹಳೆಯ ಅರಸರ ಕಾಲದಂತೆ ಇಲ್ಲಿ ಮತ್ತೆ ಕೇಳುವವರೂ ಕೊಡುವವರೂ ಒಬ್ಬರೇ. 2020ರಲ್ಲಿ ಕೊರೊನಾ ಕಾರಣಕ್ಕೆ ಅದೇ ಸರ್ಕಾರ ಮೆರವಣಿಗೆಯನ್ನು ಅರಮನೆ ಆವರಣದೊಳಗೇ ಮುಗಿಸಿತು.

ಬೆಂಗಳೂರು ಕರಗ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ಗುಡಿಯಿಂದ ಹೊರಡುತ್ತದೆ. ಹಳೇ ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ತಿಗಳ ಸಮುದಾಯದ ಹಬ್ಬಕ್ಕೆ ಇಡೀ ನಗರದ ವ್ಯಾಪಾರದ ನಡುಭಾಗ ದಾರಿ ಬಿಡುತ್ತದೆ. ಅಲ್ಲಿ ಪಾಲಿಕೆಯದೂ ಕೆಲಸವಿದೆ, ಸಂಚಾರಿ ಪೊಲೀಸರದೂ ಇದೆ.

ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕಡೇ ಸೋಮವಾರ. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ನಿಲ್ಲಿಸಿ ಕಡಲೆಕಾಯಿ ರಾಶಿ ಹಾಕುತ್ತಾರೆ. ಸುತ್ತಲ ಜಿಲ್ಲೆಗಳಿಂದಲೂ, ಆಂಧ್ರ, ತಮಿಳುನಾಡಿನಿಂದಲೂ ರೈತರು ಬರುತ್ತಾರೆ. ನಗರದ ಒಂದು ರಸ್ತೆ ಮುಚ್ಚಿದ್ದರಿಂದ ಹಳ್ಳಿಯವನ ಬೆಳೆ ನೇರವಾಗಿ ತಿನ್ನುವವರ ಕೈಗೆ ಹೋಗುವ ಅಪರೂಪದ ದಿನ ಅದು. ರಸ್ತೆ ಮುಚ್ಚುವುದು ಎಂದರೆ ಬರೀ ತೊಂದರೆ ಅನ್ನುವವರು ಆ ದಿನ ಹೋಗಿ ನೋಡಬೇಕು.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿಯನ್ನು ತೇರಿನಲ್ಲಿ ತಂದು ಪೇಟೆಯ ನಡುವೆ ಬಿಡಕಿಬಯಲಿನ ಗದ್ದುಗೆಯಲ್ಲಿ ಕೂರಿಸುತ್ತಾರೆ. ಒಂದು ವಾರ ಪೇಟೆಯ ಹೃದಯವೇ ಜಾತ್ರೆಯ ಬಯಲು. ಒಂದು ದಿನ ಬಸ್ಸು ತಿರುಗಿಸಿದರೆ ಅಲ್ಲಿ ಸಾಲುವುದಿಲ್ಲ. ಬಸ್ಸು, ಅಂಗಡಿ, ಆಸ್ಪತ್ರೆಯ ದಾರಿ ಎಲ್ಲಕ್ಕೂ ವಾರದ ಲೆಕ್ಕ ಬೇಕು.

ಅಪ್ಪಣೆ ಯಾಕೆ ಬೇಕು?

"ನಮ್ಮೂರ ದೇವರಿಗೆ ಯಾರ ಪರ್ಮಿಷನ್ ರೀ?" ಅನ್ನುವ ಮಾತು ಪ್ರತಿ ವರ್ಷ ಕೇಳುತ್ತೇವೆ. ಅದಕ್ಕೆ ನಮ್ಮ ಉತ್ತರ: ಅಪ್ಪಣೆ ದೇವರಿಗಲ್ಲ, ದಾರಿಗೆ.

2022ರ ಏಪ್ರಿಲ್‌ನಲ್ಲಿ ತಂಜಾವೂರು ಹತ್ತಿರದ ಕಳಿಮೇಡಿನಲ್ಲಿ ತೇರು ಹೈಟೆನ್ಷನ್ ತಂತಿಗೆ ತಾಗಿ 11 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮದಲ್ಲಿ ಕಾಲ್ತುಳಿತವಾಗಿ 11 ಜನ ಸತ್ತರು. ಒಂದು ಹಳ್ಳಿಯ ತೇರು, ಇನ್ನೊಂದು ಮಹಾನಗರದ ಸಂಭ್ರಮ. ಎರಡರಲ್ಲೂ ಸತ್ತವರು ಸಂತೋಷಪಡಲು ಮನೆಯಿಂದ ಹೊರಟವರು. ಎಷ್ಟು ಜನ ಬರುತ್ತಾರೆ, ತಂತಿ ಎಷ್ಟು ಎತ್ತರದಲ್ಲಿದೆ, ಲೈನ್‌ಮನ್ ಎಷ್ಟು ಹೊತ್ತಿಗೆ ಕರೆಂಟ್ ತೆಗೆಯಬೇಕು, 108 ಗಾಡಿ ಯಾವ ಓಣಿಯಿಂದ ಒಳಗೆ ಬರಬೇಕು ಅನ್ನುವುದನ್ನು ನಾಲ್ಕು ಜನ ಕೂತು ಮೊದಲೇ ಬರೆದಿಡಬೇಕು. ಒಳ್ಳೆಯ ಅಪ್ಪಣೆ ಪತ್ರ ಅಂದರೆ ಅದೇ.

ಯಾರನ್ನು ಕೇಳಬೇಕು ಅನ್ನುವುದು ದಾರಿ ಯಾರದು ಅನ್ನುವುದರ ಮೇಲಿದೆ. ಊರೊಳಗಿನ ರಸ್ತೆ ಗ್ರಾಮ ಪಂಚಾಯಿತಿಯದು, ಪಟ್ಟಣದ್ದು ಪುರಸಭೆಯದು, ದೊಡ್ಡ ನಗರದ್ದು ಪಾಲಿಕೆಯದು. ಜಿಲ್ಲಾ ಮುಖ್ಯ ರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯವು. ರಾಷ್ಟ್ರೀಯ ಹೆದ್ದಾರಿಗೆ 2002ರ ಬೇರೆ ಕಾಯ್ದೆಯೇ ಇದೆ. ರಸ್ತೆ ಯಾರದೇ ಇರಲಿ, ಮೆರವಣಿಗೆಗೆ ಠಾಣೆಗೆ ಅರ್ಜಿ ಕೊಡಬೇಕು. ವಾಹನ ಬೇರೆ ದಾರಿಗೆ ತಿರುಗಿಸಬೇಕಾದರೆ ಡಿಸಿಯವರ ಅಥವಾ ಕಮಿಷನರ ಆದೇಶ ಬೇಕು. ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಜಾತ್ರೆಗೆ ಬರುವವರಿಗೆ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆ ಮಾಡಿದರೆ ಪಂಚಾಯಿತಿ ಅವರಿಂದ ಶುಲ್ಕ ತೆಗೆದುಕೊಳ್ಳಬಹುದು ಅಂತ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ತೆಗೆದುಕೊಂಡರೆ ಕೆಲಸ ಮಾಡಬೇಕು ಅನ್ನುವುದೂ ಅದರೊಳಗೇ ಬಂತು.

ಅಪ್ಪಣೆ ಇಲ್ಲದೆ ದಾರಿಗೆ ಅಡ್ಡಿ ಮಾಡಿದರೆ? 1860ರ 283ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಾಗಿದೆ. 2024ರ ಜುಲೈ 1ರಿಂದ ದಂಡ 5,000 ರೂಪಾಯಿವರೆಗೆ ಏರಿದೆ.

ಮಾಮೂಲೋ, ಹಕ್ಕೋ?

ಈ ಚರಿತ್ರೆಯಲ್ಲಿ ಎರಡು ಎಳೆಗಳಿವೆ. ಒಂದು "ಹಿಂದಿನಿಂದ ಬಂದದ್ದು" ಅನ್ನುವ ಎಳೆ. ಇನ್ನೊಂದು "ದಾರಿ ಎಲ್ಲರದು" ಅನ್ನುವ ಎಳೆ. ಕಾನೂನು 1882ರಿಂದ ಇಲ್ಲಿಯವರೆಗೆ ನಿಧಾನವಾಗಿ ಎರಡನೆಯದರ ಕಡೆ ನಡೆದಿದೆ. ಆದರೆ ಊರಿನ ಶಾಂತಿಸಭೆಯಲ್ಲಿ ಇವತ್ತಿಗೂ ಮೊದಲನೆಯದೇ ಜೋರು. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿ ಮೆರವಣಿಗೆ ದೊಡ್ಡ ಬೀದಿಯಲ್ಲಿ ಹೋಗಲಿ ಅಂತ ಹುಡುಗರು ಅರ್ಜಿ ಕೊಟ್ಟರೆ "ಹೊಸ ದಾರಿ ಬೇಡಪ್ಪ, ನಿಮ್ಮ ಕೇರಿಯಲ್ಲೇ ಮಾಡಿಕೊಳ್ಳಿ" ಅನ್ನುವ ಹಿರಿಯರಿರುತ್ತಾರೆ. ತೇರಿಗೆ, ಗಣಪತಿಗೆ, ಉರುಸಿಗೆ ಮುಚ್ಚಿದ ಅದೇ ಬೀದಿ ಆ ದಿನ ಮಾತ್ರ "ಸಂಚಾರಕ್ಕೆ ತೊಂದರೆ" ಆಗುತ್ತದೆ.

ಸಂಚಾರಕ್ಕೆ ತೊಂದರೆ ಅನ್ನುವುದು ನಿಜವಾದ ಕಾರಣವಾದರೆ ಎಲ್ಲ ಹಬ್ಬಕ್ಕೂ ಅದು ಕಾರಣವಾಗಬೇಕು. ತೇರಿಗೆ ನಾಲ್ಕು ತಾಸು ಬಸ್ಸು ತಿರುಗಿಸಬಹುದಾದರೆ ಜಯಂತಿಗೂ ತಿರುಗಿಸಬಹುದು. ಇದು ದಯೆಯಲ್ಲ, ಲೆಕ್ಕ.

ಅದಕ್ಕೇ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ ಅಂತ ನಾವು ಹೇಳುತ್ತೇವೆ. ದಿನ, ಹೊತ್ತು, ಹೊರಡುವ ಜಾಗ, ಸೇರುವ ಜಾಗ, ಬರುವ ಜನರ ಅಂದಾಜು, ಜವಾಬ್ದಾರಿ ಹೊತ್ತವರ ಹೆಸರು ಬರೆದು ಸಾಕಷ್ಟು ದಿನ ಮುಂಚೆಯೇ ಕೊಡಿ. ಸ್ವೀಕೃತಿ ಪಡೆಯಿರಿ. ಕೊಡುವುದಿಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಷರತ್ತು ಹಾಕಿದರೆ ಪಾಲಿಸಿ, ಏಕೆಂದರೆ ಮುಂದಿನ ವರ್ಷ ಇನ್ನೊಬ್ಬರಿಗೂ ಅದೇ ಷರತ್ತು ಹಾಕಿ ಅಂತ ಕೇಳುವ ಹಕ್ಕು ಆಗ ನಿಮಗೆ ಬರುತ್ತದೆ. ಕಮಿಟಿಯಲ್ಲಿ ಇರುವವರು ನೀವಾದರೆ ಹಳೆಯ ಅಪ್ಪಣೆ ಪತ್ರಗಳನ್ನು ಹರಿದು ಹಾಕಬೇಡಿ. ಊರಿನ ಬೀದಿಯಲ್ಲಿ ಯಾರು ಯಾರು ನಡೆದರು ಅನ್ನುವುದಕ್ಕೆ ನಾಳೆ ಅವೇ ದಾಖಲೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಕಾಗದ ಏನಾದರೂ ಇದ್ದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮೂರಿನ ಚರಿತ್ರೆ ಬರೆಯುವವರು ಬಂದಾಗ ಮೊದಲು ಕೇಳುವುದು ಅದನ್ನೇ.